ಪದ್ಮಿನಿಗೆ ಎಸಿ: ಕಂಪ್ರೆಸರ್ ಕೂರೋದೆಲ್ಲಿ?

ಪ್ರೀಮಿಯರ್ ಪದ್ಮಿನಿ. 1089 ಸಿಸಿ, ಸುಮಾರು 40 ಹಾರ್ಸ್‌ಪವರ್. ಇದಕ್ಕೆ ಎಸಿ ಹಾಕಿಸ್ಬೇಕಾ? ಹಾಗಾದ್ರೆ ಮೊದಲು ಕೇಳ್ಬೇಕಾದ್ದು ಗ್ಯಾಸ್ ಬಗ್ಗೆ ಅಲ್ಲ, ಕಂಪ್ರೆಸರ್ ಕೂರಿಸೋ ಬ್ರ್ಯಾಕೆಟ್ ಬಗ್ಗೆ.

ಬಾನೆಟ್ ಎತ್ತಿ, ಗಾಡಿ ಸ್ಟಾರ್ಟ್ ಮಾಡಿ, ಒಮ್ಮೆ ರೇಸ್ ಕೊಡಿ. ಎಂಜಿನ್ ಪಕ್ಕಕ್ಕೆ ವಾಲಿ ಮತ್ತೆ ಕೂತ್ಕೊಳ್ತು, ನೋಡಿದ್ರಾ? ರಬ್ಬರ್ ಮೌಂಟಿಂಗ್ ಮೇಲಿರೋದಕ್ಕೇ ಈ ಕುಣಿತ. ಕಂಪ್ರೆಸರನ್ನ ಗಾಡಿಯ ಬಾಡಿ ಮೇಲೆ ಬಿಗಿದ್ರೆ ಅದು ನಿಂತಲ್ಲೇ ನಿಲ್ಲುತ್ತೆ, ಎಂಜಿನ್ ಮಾತ್ರ ಕುಣಿಯುತ್ತೆ. ನಡುವೆ ಸಿಕ್ಕ ಬೆಲ್ಟಿನ ಗತಿ ಹೇಳೋದೇ ಬೇಡ. ಅದಕ್ಕೇ ಬ್ರ್ಯಾಕೆಟ್ ಕೂರ್ಬೇಕಾದ್ದು ಎಂಜಿನ್ ಮೈಗೇ. ದಪ್ಪ ಉಕ್ಕಿನ ಪ್ಲೇಟೇ ಇರ್ಲಿ. ತೆಳು ತಗಡು ನಡುಗಿ ನಡುಗಿ ಬಿರುಕು ಬಿಡುತ್ತೆ.

ಕ್ರ್ಯಾಂಕ್ ಪುಲ್ಲಿ, ಕಂಪ್ರೆಸರ್ ಪುಲ್ಲಿ ಎರಡೂ ಒಂದೇ ಗೆರೇಲಿ ಇರ್ಬೇಕು. ಕಬ್ಬಿಣದ ಸ್ಕೇಲ್ ಅಡ್ಡ ಹಿಡಿದು ನೋಡಿ, ಕಣ್ಣಂದಾಜು ಸಾಲದು. ಸ್ವಲ್ಪ ಓರೆಯಾದ್ರೂ ಬೆಲ್ಟಿನ ಅಂಚು ಸವೆದು ಕರೀ ಪುಡಿ ಉದುರುತ್ತೆ.

ಯಾವ ಕಂಪ್ರೆಸರ್? ಹಳೇ ಎರಡು ಸಿಲಿಂಡರಿನ ಯಾರ್ಕ್ ಭಾರ, ನಡುಕವೂ ಜಾಸ್ತಿ. ನನ್ನ ಓಟು ಐದು ಪಿಸ್ಟನ್ನಿನ ಸ್ಯಾಂಡೆನ್ 508ಕ್ಕೆ.

ಎಸಿ ಆನ್ ಆದ ತಕ್ಷಣ ಕಂಪ್ರೆಸರ್ ಕ್ಲಚ್ 'ಟಕ್' ಅನ್ನುತ್ತೆ, ಐಡ್ಲಿಂಗ್ ಕುಸಿಯುತ್ತೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗ್ಬಾರ್ದು ಅಂದ್ರೆ ಕಾರ್ಬುರೇಟರ್‌ಗೆ ಐಡ್ಲಿಂಗ್ ಎತ್ತೋ ಐಡಲ್-ಅಪ್ ಬೇಕೇ ಬೇಕು. ಕಂಡೆನ್ಸರ್ ಬಿಸಿ ಇಳಿಸೋಕೆ ಅದರ ಮುಂದೆ ಎಲೆಕ್ಟ್ರಿಕ್ ಫ್ಯಾನೂ ಬೇಕು. ಇಷ್ಟಕ್ಕೆಲ್ಲ ಕರೆಂಟ್ ಸಾಲ್ಬೇಕಲ್ಲ, ಡೈನಮೋ ಇದ್ರೆ ತೆಗೆದು ಆಲ್ಟರ್ನೇಟರ್ ಹಾಕಿ.

ಕೊನೇಲಿ ಗ್ಯಾಸ್, ಆರ್-134ಎ. ತುಂಬೋ ಮುಂಚೆ ಪಂಪ್ ಇಟ್ಟು ಪೈಪಿನೊಳಗಿನ ಗಾಳಿ, ತೇವ ಪೂರ್ತಿ ಎಳೆಸಿ. ಮೆಕ್ಯಾನಿಕ್ ಅರ್ಜೆಂಟ್ ಅಂದ್ರೂ ನೀವು ಪಕ್ಕದಲ್ಲೇ ಒಂದು ಚಹಾ ಹೇಳಿ ಕೂತ್ಕೊಳ್ಳಿ.