ಕಾಳು ಬೀಳುವ ನಿಯಮ

ಪರಿಶ್ರಮ, ಸೋಮಾರಿತನ, ಚಟ ಇವುಗಳನ್ನು ನಾವು ವ್ಯಕ್ತಿಯ ಸ್ವಭಾವಕ್ಕೆ ಅಂಟಿದ ಗುಣದೋಷಗಳೆಂದೇ ತಿಳಿದುಬಂದಿದ್ದೇವೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ? ಪಾರಿವಾಳವೊಂದನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ನನ್ನ ಆಶಯ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗಗಳು 1957ರಲ್ಲಿ ಏಳುನೂರಕ್ಕೂ ಮಿಕ್ಕ ಪುಟಗಳ ಗ್ರಂಥವಾಗಿ ಹೊರಬಂದವು. ಏರ್ಪಾಡು ಸರಳವಾದದ್ದು. ಪೆಟ್ಟಿಗೆಯೊಳಗೆ ಹಸಿದ ಹಕ್ಕಿ. ಗೋಡೆಯಲ್ಲೊಂದು ಪುಟ್ಟ ಬಿಲ್ಲೆ. ಅದನ್ನು ಕುಕ್ಕಿದರೆ ಕೆಲವು ಕ್ಷಣ ಕಾಳು ದೊರೆಯುತ್ತದೆ. ಹೀಗೆ ವರ್ತನೆಯನ್ನು ಗಟ್ಟಿಗೊಳಿಸುವ ಫಲಕ್ಕೆ ಪುನರ್ಬಲನವೆಂದು ಹೆಸರು. ಪ್ರತಿ ಕುಕ್ಕಿಗೂ ಫಲವಿಲ್ಲ. ಅದು ಯಾವಾಗ ಸಿಗಬೇಕೆಂಬುದಕ್ಕೆ ಪ್ರಯೋಗಕಾರನ ನಿಯಮವಿದೆ.

ಐವತ್ತು ಬಾರಿ ಕುಕ್ಕಿದರೆ ಒಮ್ಮೆ ಕಾಳು ಎಂಬುದು ಒಂದು ನಿಯಮ. ಆಗ ಹಕ್ಕಿ ಕಾಳು ತಿಂದೊಡನೆ ತುಸು ಸುಮ್ಮನಿರುತ್ತದೆ. ಬಳಿಕ ಒಂದೇ ಉಸಿರಿನಲ್ಲೆಂಬಂತೆ ಐವತ್ತನ್ನೂ ಮುಗಿಸುತ್ತದೆ. ಐದು ನಿಮಿಷ ಕಳೆದ ಮೇಲಿನ ಮೊದಲ ಕುಕ್ಕಿಗೆ ಕಾಳು ಎಂಬುದು ಇನ್ನೊಂದು. ಆಗ ಆರಂಭದಲ್ಲಿ ಆಲಸ್ಯ, ಗಡುವು ಸಮೀಪಿಸಿದಂತೆ ಆತುರ. ಪರೀಕ್ಷೆಯ ಹಿಂದಿನ ವಾರದ ವಿದ್ಯಾರ್ಥಿಯನ್ನು ನೆನೆದವರು ನಗಬಹುದು. ಈ ಅವಧಿಯನ್ನೇ ಹಿಂದುಮುಂದಾಗಿ ಬದಲಿಸುತ್ತಿದ್ದರೆ ಹಕ್ಕಿ ಮಂದವಾದರೂ ಸಮನಾದ ಗತಿಯಲ್ಲಿ ಕುಕ್ಕುತ್ತಲೇ ಇರುತ್ತದೆ.

ನಾಲ್ಕನೆಯ ನಿಯಮವೇ ವಿಶೇಷವಾದದ್ದು. ಸರಾಸರಿ ಐವತ್ತಕ್ಕೆ ಒಮ್ಮೆ ಕಾಳು. ಆದರೆ ಅದು ಐದನೆಯ ಕುಕ್ಕಿಗೋ ನೂರನೆಯದಕ್ಕೋ ಹೇಳಲಾಗದು. ಇಲ್ಲಿ ವಿಶ್ರಾಂತಿಯೇ ಅಪರೂಪ. ಮುಂದಿನದೇ ಫಲದ ಕುಕ್ಕಾಗಿರಬಹುದಾದ್ದರಿಂದ ಹಕ್ಕಿ ಅತಿ ವೇಗದಲ್ಲಿ ಕುಕ್ಕುತ್ತ ಹೋಗುತ್ತದೆ. ಕಾಳನ್ನು ಪೂರ್ತಿ ನಿಲ್ಲಿಸಿದರೂ ಬೇಗ ಬಿಡದು. ಪ್ರತಿ ಬಾರಿಯೂ ಕಾಳು ಪಡೆದ ಹಕ್ಕಿ ಅದು ನಿಂತೊಡನೆ ಬಹುಬೇಗ ಕೈಚೆಲ್ಲುತ್ತದೆ. ಆಗೊಮ್ಮೆ ಈಗೊಮ್ಮೆ ಪಡೆದದ್ದು ಬಹುಕಾಲ ಕುಕ್ಕುತ್ತಿರುತ್ತದೆ. ಜೂಜಿನ ಯಂತ್ರದ ಮುಂದೆ ಕುಳಿತವನನ್ನು ಹಿಡಿದಿಡುವುದೂ ಇಂಥ ನಿಯಮವೇ ಎಂದು ಸ್ಕಿನ್ನರ್ ಗುರುತಿಸಿದ್ದರು.

ಮನುಷ್ಯ ಪಾರಿವಾಳವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ನಮಗೆ ಮಾತಿದೆ; ನಿಯಮವನ್ನು ಊಹಿಸಿ ನಮಗೆ ನಾವೇ ಹೇಳಿಕೊಳ್ಳಬಲ್ಲೆವು. ಗಡುವಿನ ಪ್ರಯೋಗಗಳಲ್ಲಿ ಮನುಷ್ಯರು ಅನೇಕ ವೇಳೆ ಹಕ್ಕಿಗಳಂತೆ ವರ್ತಿಸಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಹಕ್ಕಿ ಅದೇ, ಹಸಿವು ಅದೇ, ಕಾಳೂ ಅದೇ. ಒಂದೆಡೆ ಅದು ಆಲಸಿ, ಇನ್ನೊಂದೆಡೆ ಶ್ರಮಜೀವಿ, ಮತ್ತೊಂದೆಡೆ ಜೂಜುಗಾರ. ಬದಲಾದದ್ದು ನಿಯಮವೊಂದೇ. ಒಬ್ಬನನ್ನು ಸೋಮಾರಿಯೆಂದೋ ಚಟಗಾರನೆಂದೋ ಜರೆಯುವ ಮುನ್ನ, ಅವನ ಪಾಲಿಗೆ ಕಾಳು ಬೀಳುವ ನಿಯಮ ಯಾವುದು, ಅದನ್ನು ರೂಪಿಸಿದವರು ಯಾರು ಎಂದು ವಿಚಾರಿಸುವುದು ಉಚಿತವೆಂದು ನಾನು ಭಾವಿಸುತ್ತೇನೆ.