ಗಾಳಿಗೆ ಹಾರದ ಮಾಡು: ಕರಾವಳಿಯ ಮನೆ ಮತ್ತು ಹಟ್ಟಿಗೆ ತಗಡಿನ ಶೀಟು ಆರಿಸುವ ಬಗೆ



ಪಶುವೈದ್ಯರಿಗೂ ಮನೆಯ ಮಾಡಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. 2021ರ ಮೇ ತಿಂಗಳ 15ರಂದು ತೌಕ್ತೆ ಚಂಡಮಾರುತ ನಮ್ಮ ಕಡಲಿನ ಮೇಲೆ ಉತ್ತರಕ್ಕೆ ಸಾಗುತ್ತಿದ್ದಾಗ, ಕಡಲಿಗೆ ಹತ್ತಿರದ ಒಂದು ಊರಿನ ಸದಸ್ಯರ ಹಟ್ಟಿಯ ಮಾಡು ಹಾರಿತು. ಮರುದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಆರು ಶೀಟುಗಳು ಕಬ್ಬಿಣದ ಪೈಪಿನ ಸಮೇತ ಪಕ್ಕದ ಗದ್ದೆಯಲ್ಲಿ ಬಿದ್ದಿದ್ದವು. ಬಿಡಿಯಾಗಿ ಕಿತ್ತುಬಂದ ಒಂದು ಶೀಟು ಹಟ್ಟಿಯಲ್ಲಿ ಕಟ್ಟಿದ್ದ ದನದ ತೊಡೆಯನ್ನು ಒಂದು ಗೇಣು ಉದ್ದಕ್ಕೆ ಸೀಳಿತ್ತು. ಹೊಲಿಗೆ ಹಾಕಿದೆ, ದನ ಉಳಿಯಿತು. ಆದರೆ ದಿನಕ್ಕೆ 11 ಲೀಟರ್ ಕೊಡುತ್ತಿದ್ದ ದನ 4 ಲೀಟರಿಗೆ ಇಳಿಯಿತು. ಲಾಕ್‌ಡೌನ್ ಕಾಲವಾದ್ದರಿಂದ ಶೀಟು ಸಿಗಲಿಲ್ಲ, ಮೂರು ವಾರ ಟಾರ್ಪಾಲಿನ ಅಡಿಯಲ್ಲೇ ದನಗಳು ನೆನೆದವು.

ಗಮನಿಸಬೇಕಾದ ಸಂಗತಿ ಏನೆಂದರೆ, ಗದ್ದೆಗೆ ಹೋದ ಆ ಆರು ಶೀಟುಗಳಲ್ಲಿ ಒಂದು ಸ್ಕ್ರೂ ಕೂಡ ಕಿತ್ತಿರಲಿಲ್ಲ. ಶೀಟು ಒಳ್ಳೆಯದೇ ಇತ್ತು. ಆದರೆ ಪೈಪಿನ ಚೌಕಟ್ಟನ್ನು ಕೆಂಪುಕಲ್ಲಿನ ಗೋಡೆಯ ಮೇಲೆ ಸುಮ್ಮನೆ ಇಟ್ಟು ಸ್ವಲ್ಪ ಸಿಮೆಂಟ್ ಮೆತ್ತಿದ್ದರು. ಹಾಗಾದರೆ ಒಳ್ಳೆಯ ಮಾಡು ಎಂದರೆ ಯಾವುದು? ಈ ಲೇಖನದಲ್ಲಿ ಅದನ್ನು ತಿಳಿಯೋಣ.

ಗಾಳಿ ಮಾಡನ್ನು ಒತ್ತುವುದಿಲ್ಲ, ಎತ್ತುತ್ತದೆ

ಗಾಳಿ ಮಾಡನ್ನು ಕೆಳಕ್ಕೆ ಅದುಮುತ್ತದೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಇಳಿಜಾರು ಕಡಿಮೆ ಇರುವ ಮಾಡಿನ ಮೇಲೆ ಗಾಳಿ ವೇಗವಾಗಿ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಈ ಹೀರುವಿಕೆ ಅಂಚು, ಮೂಲೆ ಮತ್ತು ಮಾಡಿನ ತುದಿಯಲ್ಲಿ ಅತಿ ಹೆಚ್ಚು.

ಲೆಕ್ಕ ನೋಡಿ. ಗಂಟೆಗೆ 72 ಕಿ.ಮೀ. ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 24 ಕಿಲೊ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕವು ಮಂಗಳೂರಿಗೆ ನಿಗದಿಪಡಿಸಿದ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಆ ವೇಗದಲ್ಲಿ ಒತ್ತಡ ಚದರ ಮೀಟರಿಗೆ 93 ಕಿಲೊ ಆಗುತ್ತದೆ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಶೀಟಿಗೆ ಇದು ಸುಮಾರು 260 ಕಿಲೊ. ಆ ಶೀಟಿನ ತೂಕವಾದರೋ 12 ಕಿಲೊ ಆಸುಪಾಸು! ಆದುದರಿಂದ ತೂಕದಿಂದ ತಗಡಿನ ಮಾಡು ನಿಲ್ಲುವುದಿಲ್ಲ. ಕಟ್ಟಿದ ಕಟ್ಟಿನಿಂದ ಮಾತ್ರ ನಿಲ್ಲುತ್ತದೆ. ಹಂಚಿನ ಮಾಡಿಗೆ ತನ್ನದೇ ಭಾರವಿತ್ತು, ಹಂಚುಗಳ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಹಂಚು ತೆಗೆದು ಅದೇ ಹಳೆಯ ಪಕ್ಕಾಸಿನ ಮೇಲೆ ಶೀಟು ಹೊದಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಚಂಡಮಾರುತ ಬಂಗಾಳ ಕೊಲ್ಲಿಯ ತೊಂದರೆ, ನಮಗಲ್ಲ ಎಂಬ ಧೈರ್ಯವೂ ಈಗ ಸಲ್ಲದು. 2017ರ ಕೊನೆಯಲ್ಲಿ ಒಖಿ, 2019ರ ಅಕ್ಟೋಬರಿನಲ್ಲಿ ಕ್ಯಾರ್, 2021ರಲ್ಲಿ ತೌಕ್ತೆ, 2023ರ ಜೂನಿನಲ್ಲಿ ಬಿಪರ್‌ಜಾಯ್ ನಮ್ಮ ಕಡಲಿನಲ್ಲೇ ಸಾಗಿದವು. ತೌಕ್ತೆ ನಮ್ಮಲ್ಲಿ ದಡ ಹತ್ತಲಿಲ್ಲ. 17ರ ರಾತ್ರಿ ಗುಜರಾತಿನಲ್ಲಿ ಹತ್ತಿತು. ದೂರದಿಂದ ಹಾದುಹೋಗಿಯೇ ಇಷ್ಟು ಮಾಡಿತೆಂಬುದನ್ನು ನೆನಪಿಡಿ.

ಯಾವ ತಗಡು?

ಅಂಗಡಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ.

1. ಜಿ.ಐ. ಶೀಟು: ಉಕ್ಕಿನ ತಗಡಿಗೆ ಸತುವಿನ ಲೇಪ. ಲೇಪ ಎಷ್ಟು ದಪ್ಪವೋ ಬಾಳಿಕೆ ಅಷ್ಟು. ಚದರ ಮೀಟರಿಗೆ 120 ಗ್ರಾಂ ಲೇಪದ್ದೂ ಇದೆ, 275 ಗ್ರಾಂ ಲೇಪದ್ದೂ ಇದೆ. ಕಣ್ಣಿಗೆ ಎರಡೂ ಒಂದೇ. ಕಡಲ ಬದಿಗೆ ಕಡಿಮೆ ಲೇಪದ್ದು ಬೇಡ.

2. ಗ್ಯಾಲ್ವಲ್ಯೂಮ್ ಶೀಟು: ಲೇಪದಲ್ಲಿ ಶೇ. 55 ಅಲ್ಯೂಮಿನಿಯಂ, ಉಳಿದದ್ದು ಬಹುತೇಕ ಸತು. ಉಪ್ಪು ಗಾಳಿಯಲ್ಲಿ ಸಾದಾ ಜಿ.ಐ.ಗಿಂತ ಹೆಚ್ಚು ಬಾಳುತ್ತದೆ. ಚದರ ಮೀಟರಿಗೆ 150 ಗ್ರಾಂ ಲೇಪದ್ದನ್ನು ಕೇಳಿ ಪಡೆಯಿರಿ.

3. ಬಣ್ಣದ ಶೀಟು: ಮೇಲಿನ ಎರಡರಲ್ಲೊಂದಕ್ಕೆ ಕಾರ್ಖಾನೆಯಲ್ಲೇ ಬಣ್ಣ ಹಚ್ಚಿದ್ದು. ಬಣ್ಣದ ಅಡಿಯಲ್ಲಿ ಯಾವ ಲೇಪ ಇದೆ, ಎಷ್ಟಿದೆ ಎಂಬುದೇ ಮುಖ್ಯ. ಬಣ್ಣ ನೋಡಿ ಮರುಳಾಗಬೇಡಿ.

4. ಅಲ್ಯೂಮಿನಿಯಂ ಶೀಟು: ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಬೆಲೆ ಹೆಚ್ಚು, ಮೆದು. ತೆಂಗಿನಕಾಯಿ ಬಿದ್ದರೆ ಗುಳಿ ಬೀಳುತ್ತದೆ, ಗಾಳಿಗೆ ಸ್ಕ್ರೂವಿನ ತೂತು ಬೇಗ ಹಿಗ್ಗುತ್ತದೆ. ಹಾಕುವುದಾದರೆ ದಪ್ಪನೆಯದನ್ನೇ ಹಾಕಿ.

ದಪ್ಪದ ವಿಷಯದಲ್ಲಿ ಮೋಸ ಹೋಗುವವರು ಹಲವರು. ಕರಾವಳಿಗೆ 0.5 ಮಿ.ಮೀ. ಉಕ್ಕಿನ ಶೀಟು ಇರಲಿ. 0.35 ಮಿ.ಮೀ. ಶೀಟು ಅಗ್ಗವಾದರೂ ಗಾಳಿಗೆ ಸ್ಕ್ರೂವಿನ ಸುತ್ತ ಹರಿಯುತ್ತದೆ. ಲೇಪ ಮತ್ತು ಬಣ್ಣ ಸೇರಿಸಿ 0.5 ಎಂದು ಹೇಳುವವರೂ ಇದ್ದಾರೆ. ಒಳಗಿನ ಉಕ್ಕು ಎಷ್ಟು ಎಂದು ಕೇಳಿ. ಪರೀಕ್ಷೆ ಸುಲಭ. ಸಮನಾದ ಅಳತೆಯ ಎರಡು ಶೀಟುಗಳನ್ನು ಹಿಂಡಿ ಚೀಲ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿ. ಒಂದು ಚದರ ಮೀಟರ್ ಚಪ್ಪಟೆ ಉಕ್ಕಿನ ತಗಡು 0.5 ಮಿ.ಮೀ. ಆದರೆ ಸುಮಾರು 3.9 ಕಿಲೊ, 0.35 ಆದರೆ ಸುಮಾರು 2.7 ಕಿಲೊ ತೂಗುತ್ತದೆ. ಬಾಯಿಮಾತು ಸುಳ್ಳಾಡಬಹುದು, ತಕ್ಕಡಿ ಸುಳ್ಳಾಡದು.

ಮನೆಗೆ ಒಪ್ಪಿದ್ದು ಹಟ್ಟಿಗೆ ಒಪ್ಪದು

ಇದು ಹಾಲು ಉತ್ಪಾದಕರು ವಿಶೇಷವಾಗಿ ತಿಳಿಯಬೇಕಾದ ವಿಷಯ. ಗಂಜಳ ಮತ್ತು ಸೆಗಣಿಯಿಂದ ಅಮೋನಿಯಾ ಎಂಬ ಅನಿಲ ಏಳುತ್ತದೆ. ಬೆಳಗಿನ ಜಾವ ಹಟ್ಟಿಯೊಳಗೆ ಕಣ್ಣು ಉರಿಯುವುದು ಇದರಿಂದಲೇ. ಇದು ಶೀಟಿನ ಒಳಮೈಗೆ ತಾಗಿ, ಅಲ್ಲಿನ ಇಬ್ಬನಿಯೊಂದಿಗೆ ಬೆರೆತು ಲೇಪವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಬೆರೆತ ಗ್ಯಾಲ್ವಲ್ಯೂಮ್ ಲೇಪಕ್ಕೆ ಇದರ ಪೆಟ್ಟು ಹೆಚ್ಚು. ಆದುದರಿಂದ ಮನೆಯ ಮಾಡಿಗೆ ಉತ್ತಮವಾದ ಈ ಶೀಟಿನ ಗ್ಯಾರಂಟಿ ಪತ್ರದಲ್ಲಿ ಪ್ರಾಣಿಗಳನ್ನು ಕಟ್ಟುವ ಕಟ್ಟಡವನ್ನು ಹಲವು ಕಂಪನಿಗಳು ಹೊರಗಿಡುತ್ತವೆ. ಹಣ ಕೊಡುವ ಮೊದಲು ಆ ಪತ್ರ ಕೇಳಿ. ದನದ ಹಟ್ಟಿ, ಸಮುದ್ರದ ದಂಡೆ ಈ ಎರಡರ ಬಗ್ಗೆ ಏನು ಬರೆದಿದೆ ಎಂದು ಓದಿಸಿಕೊಳ್ಳಿ.

ಹಟ್ಟಿಗೆ ಹೆಚ್ಚು ಸತು ಲೇಪವಿದ್ದು ಎರಡೂ ಮೈಗೆ ಬಣ್ಣವಿರುವ ಜಿ.ಐ. ಶೀಟು ವಾಸಿ. ಶೀಟು ಯಾವುದೇ ಇರಲಿ, ಗಂಜಳ ನಿಲ್ಲದಂತೆ ನೆಲಕ್ಕೆ ಇಳಿಜಾರು, ಚರಂಡಿ ಮಾಡಿ. ಗೊಬ್ಬರದ ಗುಂಡಿ ಹಟ್ಟಿಯ ಮಾಡಿನ ಅಡಿಯಲ್ಲಿ ಇರಬಾರದು. ಮಾಡಿನ ತುದಿಯಲ್ಲಿ ಬಿಸಿಗಾಳಿ ಹೋಗಲು ಸಂದು ಇರಲಿ. ಇದರಿಂದ ಶೀಟೂ ಉಳಿಯುತ್ತದೆ, ದನದ ಶ್ವಾಸಕೋಶವೂ ಉಳಿಯುತ್ತದೆ.

ಅಡಕೆ ತೋಟ ಇರುವವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ತಾಮ್ರವಿದೆ. ತಾಮ್ರದ ನೀರು ಬಿದ್ದಲ್ಲಿ ಸತುವೂ ಅಲ್ಯೂಮಿನಿಯಮೂ ಬೇಗ ಸವೆಯುತ್ತವೆ. ಔಷಧಿ ಬಿಡುವಾಗ ಮಾಡಿನ ಮೇಲೆ ಬಿದ್ದರೆ ಅಂದೇ ಒಳ್ಳೆಯ ನೀರಿನಿಂದ ತೊಳೆಯಿರಿ. ಹಸಿ ಸಿಮೆಂಟ್ ಗಾರೆಯೂ ಶೀಟಿಗೆ ತಾಗಿ ನಿಲ್ಲಬಾರದು.

ಕಟ್ಟು ಒಂದು ಸರಪಣಿ

ಶೀಟು ರೀಪಿಗೆ, ರೀಪು ಪಕ್ಕಾಸು ಅಥವಾ ಕಬ್ಬಿಣದ ಚೌಕಟ್ಟಿಗೆ, ಅದು ಗೋಡೆಗೆ ಅಥವಾ ಕಂಬಕ್ಕೆ, ಕಂಬ ನೆಲದ ಅಡಿಪಾಯಕ್ಕೆ ಬಿಗಿಯಾಗಬೇಕು. ಸರಪಣಿಯ ಒಂದು ಕೊಂಡಿ ಸಡಿಲವಿದ್ದರೂ ಉಳಿದ ಖರ್ಚು ನೀರಿನಲ್ಲಿ ಹೋಮ. ಮೇಲೆ ಹೇಳಿದ ಸದಸ್ಯರಿಗೆ ಆದದ್ದು ಇದೇ.

- ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ, ಅದರೊಳಗೆ ಬೋಲ್ಟನ್ನು ಮೊದಲೇ ಹೂತು ಚೌಕಟ್ಟನ್ನು ಅದಕ್ಕೆ ಬಿಗಿಯಿರಿ. ಕೆಂಪುಕಲ್ಲಿಗೆ ನೇರವಾಗಿ ಹೊಡೆದ ಮೊಳೆ ಹಿಡಿಯುವುದಿಲ್ಲ.
- ಮರದ ಪಕ್ಕಾಸಿಗೆ ಮೊಳೆ ಮಾತ್ರ ಸಾಲದು, ಜಿ.ಐ. ಪಟ್ಟಿ ಸುತ್ತಿ ಬೋಲ್ಟ್ ಹಾಕಿ.
- ಕೊಕ್ಕೆಯ ಬೋಲ್ಟ್ ಹಾಕುವುದಾದರೆ ಜೆ ಆಕಾರದ್ದರ ಬದಲು ಯು ಆಕಾರದ್ದು ಒಳ್ಳೆಯದು. ಗಾಳಿ ಎಳೆದಾಗ ಜೆ ಕೊಕ್ಕೆ ನೇರವಾಗಿ ಬಿಟ್ಟುಕೊಳ್ಳುತ್ತದೆ.
- ಸ್ಕ್ರೂ ಆದರೆ ತುಕ್ಕು ಹಿಡಿಯದ ಲೇಪ, ಅಗಲವಾದ ತಗಡಿನ ವಾಷರ್, ಅದರ ಅಡಿ ರಬ್ಬರ್ ಇರಲಿ. ಅತಿಯಾಗಿ ಬಿಗಿದು ಶೀಟಿನ ಏಣು ತಗ್ಗುವಂತೆ ಮಾಡಬೇಡಿ.
- ರೀಪುಗಳ ಅಂತರ 3 ಅಡಿ ಮೀರದಿರಲಿ. ಅಂಚಿನಲ್ಲಿ ಮತ್ತು ತುದಿಯಲ್ಲಿ 2 ಅಡಿ. ನಡುವೆ ಒಂದು ಏಣು ಬಿಟ್ಟು ಒಂದಕ್ಕೆ ಸ್ಕ್ರೂ ಸಾಕು, ಅಂಚಿನಲ್ಲಿ ಪ್ರತಿ ಏಣಿಗೂ ಬೇಕು.
- ಶೀಟಿನ ಪಕ್ಕದ ಜೋಡಣೆಯ ಬಾಯಿ ಮಳೆಗಾಲದ ಪಡುಗಾಳಿಗೆ ಬೆನ್ನು ಹಾಕಿರಲಿ.

ಸ್ಕ್ರೂ ಹೆಚ್ಚು ಏಕೆ ಎಂಬುದಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಪಾಠವಿದೆ. 1974ರ ಕ್ರಿಸ್‌ಮಸ್ ದಿನದ ಮುಂಜಾನೆ ಟ್ರೇಸಿ ಚಂಡಮಾರುತ ಆ ನಗರದ ಬಹುಪಾಲು ಮನೆಗಳನ್ನು ಹಾಳುಗೆಡವಿತು. ತಜ್ಞರು ನೋಡಿದಾಗ ಅನೇಕ ಕಡೆ ಸ್ಕ್ರೂ ರೀಪಿನಲ್ಲೇ ಉಳಿದಿತ್ತು, ಶೀಟು ಮಾತ್ರ ಹರಿದು ಹೋಗಿತ್ತು. ಗಂಟೆಗಟ್ಟಲೆ ಗಾಳಿ ಎಳೆದು ಬಿಟ್ಟು ಮಾಡಿದಾಗ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುವಂತೆ, ಸ್ಕ್ರೂವಿನ ಸುತ್ತ ತಗಡು ಬಿರುಕು ಬಿಟ್ಟಿತ್ತು. ಅಂದಿನಿಂದ ಅಲ್ಲಿ ಶೀಟುಗಳನ್ನು ಹೀಗೆ ಎಳೆದು ಬಿಟ್ಟು ಪರೀಕ್ಷಿಸುವ ಪದ್ಧತಿ ಬಂತು, ಅಗಲ ವಾಷರ್ ಬಳಕೆಗೆ ಬಂತು.

ಮಾಡಿನ ಆಕಾರ

ನಾಲ್ಕು ದಿಕ್ಕಿಗೂ ಇಳಿಜಾರಿರುವ ಮಾಡು ಗಾಳಿಗೆ ಹೆಚ್ಚು ತಡೆಯುತ್ತದೆ, ಎರಡು ಇಳಿಜಾರಿನದು ಅದಕ್ಕಿಂತ ಕಡಿಮೆ. ಒಂದೇ ಕಡೆಗೆ ಇಳಿಜಾರಾದ, ಬಹುತೇಕ ಚಪ್ಪಟೆಯಾದ ಮಾಡು ತೀರಾ ದುರ್ಬಲ. ಇಳಿಜಾರು 5 ಅಡಿ ಅಗಲಕ್ಕೆ 2ರಿಂದ 3 ಅಡಿ ಎತ್ತರ ಇರಲಿ. ಗೋಡೆಯಿಂದ ಹೊರಚಾಚು ಒಂದೂವರೆ ಅಡಿ ಮೀರಬಾರದು; ಉದ್ದ ಚಾಚು ಗಾಳಿಗೆ ಹಿಡಿಕೆ ಇದ್ದಂತೆ. ಜಗಲಿಯ ಮಾಡನ್ನು ಮುಖ್ಯ ಮಾಡಿನಿಂದ ಬೇರೆ ಮಾಡಿ. ಅದು ಹೋದರೂ ಇದು ಉಳಿಯುತ್ತದೆ.

ಮೂರು ಕಡೆ ಗೋಡೆ ಕಟ್ಟಿ ಒಂದು ಕಡೆ ಪೂರ್ತಿ ತೆರೆದಿರುವ ಹಟ್ಟಿ ಗಾಳಿಗೆ ಬಿಡಿಸಿದ ಕೊಡೆಯಂತೆ. ಒಳನುಗ್ಗಿದ ಗಾಳಿ ಅಡಿಯಿಂದ ತಳ್ಳುತ್ತದೆ, ಮೇಲಿನ ಗಾಳಿ ಹೀರುತ್ತದೆ. ಗೋಡೆಯನ್ನು 4 ಅಡಿಗೆ ನಿಲ್ಲಿಸಿ ಎದುರು ಬದುರು ತೆರೆದಿಡಿ. ಬಂದ ಗಾಳಿ ಆಚೆ ಹೋಗಲಿ. ದನಗಳಿಗೂ ಇದೇ ಹಿತ.

ತಾರಸಿಯ ಮೇಲೆ ಅಡಕೆ ಒಣಗಿಸಲೆಂದು, ಸೋರದಿರಲೆಂದು ಹಾಕುವ ಶೀಟು ಎಲ್ಲಕ್ಕಿಂತ ಅಪಾಯ. ಎತ್ತರದಲ್ಲಿ ಗಾಳಿ ಜೋರು, ಸುತ್ತಲೂ ಬಯಲು. ಪೈಪುಗಳನ್ನು ತಾರಸಿಯ ಮೋಟುಗೋಡೆಗೆ ಸಣ್ಣ ಬೋಲ್ಟಿನಿಂದ ಹಿಡಿಸುವುದು ಸಾಲದು, ಮನೆಯ ಕಾಂಕ್ರೀಟ್ ಕಂಬ ಅಥವಾ ತೊಲೆಗೇ ಬಿಗಿಯಬೇಕು.

ಬಿಸಿಲು ಮತ್ತು ಹಾಲು

ತಗಡು ಕಾದರೆ ಮಿಶ್ರತಳಿ ದನ ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಹಟ್ಟಿಯ ಮಾಡು ಅಂಚಿನಲ್ಲಿ 8 ಅಡಿಗಿಂತ ತಗ್ಗಿರದಿರಲಿ. ಬಿಳಿ ಅಥವಾ ತಿಳಿ ಬಣ್ಣದ ಶೀಟು ಆರಿಸಿ. ಬೇಸಿಗೆಯಲ್ಲಿ ಮೇಲೆ ತೆಂಗಿನ ಮಡಲು ಹೊದಿಸುವವರು ಮಳೆಗಾಲಕ್ಕೆ ಮೊದಲೇ ತೆಗೆಯಿರಿ. ಮಡಲು ಒದ್ದೆಯಾಗಿ ಕುಳಿತಲ್ಲಿ ತುಕ್ಕು ಹಿಡಿಯುತ್ತದೆ, ಗಾಳಿಗೆ ಹಾರುತ್ತದೆ.

ಮುನ್ನೆಚ್ಚರಿಕೆ

ವರ್ಷಕ್ಕೆರಡು ಬಾರಿ, ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಮಾಡನ್ನು ನೋಡಿಸಿ. ಒಡೆದ ರಬ್ಬರ್ ಬದಲಿಸಿ, ಸಡಿಲ ಸ್ಕ್ರೂ ಬಿಗಿಯಿರಿ. ಮಳೆ ತಾಗದ ಚಾಚಿನ ಒಳಮೈಯಲ್ಲಿ ಉಪ್ಪು ಕೂತು ಮೊದಲು ತುಕ್ಕು ಹಿಡಿಯುತ್ತದೆ. ಕಡಲ ಹತ್ತಿರದವರು ಅದನ್ನು ಆಗಾಗ ಸಿಹಿನೀರಿನಿಂದ ತೊಳೆಯಿರಿ. ಕೆಲಸ ಮುಗಿದ ದಿನವೇ ತೂತು ಕೊರೆದ ಕಬ್ಬಿಣದ ಪುಡಿಯನ್ನು ಗುಡಿಸಿ ತೆಗೆಸಿ. ಶೀಟು ಹಾರದಿರಲೆಂದು ಕಲ್ಲು ಹೇರಬೇಡಿ. ಗಾಳಿಗೆ ಅದೇ ದನದ ತಲೆಯ ಮೇಲೆ ಬೀಳುತ್ತದೆ.

ಚಂಡಮಾರುತದ ಸೂಚನೆ ಬಂದಾಗ ಹಟ್ಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ದನಗಳನ್ನು ಗಟ್ಟಿ ಕಟ್ಟಡಕ್ಕೆ ಅಥವಾ ಮರ, ವಿದ್ಯುತ್ ತಂತಿ ಇಲ್ಲದ ಎತ್ತರದ ಜಾಗಕ್ಕೆ ಸಾಗಿಸಿ. ಅದೂ ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿಬಿಡಿ. ಆ ರಾತ್ರಿ ಗಾಯಗೊಂಡ ದನಕ್ಕೆ ತಪ್ಪಿಸಿಕೊಳ್ಳಲು ಜಾಗವಿತ್ತು. ಕೊರಳಿನ ಹಗ್ಗ ಬಿಡಲಿಲ್ಲ.

ಆ ಸದಸ್ಯರು ಮತ್ತೆ ಮಾಡು ಹಾಕಿದಾಗ ಗದ್ದೆಯಿಂದ ತಂದ ಶೀಟುಗಳಲ್ಲಿ ಸರಿಯಿದ್ದವನ್ನೇ ಬಳಸಿದರು. ಹೊಸದಾಗಿ ಖರ್ಚು ಮಾಡಿದ್ದು ಕಾಂಕ್ರೀಟ್ ಪಟ್ಟಿಗೆ ಮತ್ತು ಬೋಲ್ಟಿಗೆ. ತಾವೂ ಹಾಗೆಯೇ, ಶೀಟಿನ ಬೆಲೆ ಕೇಳುವ ಮೊದಲು ಕಟ್ಟಿನ ಲೆಕ್ಕ ಹಾಕಿ. ಹಣ ಕಡಿಮೆ ಇದ್ದರೆ ಈ ವರ್ಷ ಕಟ್ಟು ಬಿಗಿಮಾಡಿ, ಶೀಟು ಮುಂದಿನ ವರ್ಷ ಬದಲಿಸಬಹುದು.

- ಪಶುವೈದ್ಯ ವಿಸ್ತರಣಾಧಿಕಾರಿ