ಸುಕ್ಕಿನ ಸೂಜಿ ಮೈಗೆ ಒಗ್ಗದಿದ್ದರೆ

ಸಾಹಿತ್ಯ ಕೂಟದ ಇ-ಪತ್ರಿಕೆಯಲ್ಲಿ ಮುಖದ ಸುಕ್ಕು ತೆಗೆಯುವ ಇಂಜೆಕ್ಷನ್ನಿನ ಮಾತೇಕೆ ಎಂದು ನೀವು ಹುಬ್ಬೇರಿಸಬಹುದು. (ಬೊಟಾಕ್ಸ್ ಹಾಕಿಸಿಕೊಂಡವರಿಗೆ ಹುಬ್ಬೇರಿಸುವುದೂ ಕಷ್ಟ, ಬಿಡಿ!) ಆದರೆ ಈ ಕಥೆ ಶುರುವಾಗುವುದೇ ಒಬ್ಬ ಕವಿಯಿಂದ. ಜರ್ಮನಿಯ ಯುಸ್ಟಿನುಸ್ ಕೆರ್ನರ್ ವೃತ್ತಿಯಲ್ಲಿ ವೈದ್ಯ, ಪ್ರವೃತ್ತಿಯಲ್ಲಿ ಕವಿ. ಅವನ ಹನ್ನೆರಡು ಕವನಗಳಿಗೆ ಸಂಗೀತಗಾರ ಶೂಮನ್ 1840ರಲ್ಲಿ ರಾಗ ಹಾಕಿದ್ದಾನೆ. ಕೆಟ್ಟುಹೋದ ಸಾಸೇಜ್ ತಿಂದು ಕಾಯಿಲೆ ಬಿದ್ದವರನ್ನು ಕಂಡ ಕೆರ್ನರ್, 1820 ಮತ್ತು 1822ರಲ್ಲಿ ಆ ವಿಷದ ಲಕ್ಷಣಗಳನ್ನು ವಿವರವಾಗಿ ಬರೆದ. ತೀರಾ ಸಣ್ಣ ಪ್ರಮಾಣದಲ್ಲಿ ಅದೇ ಔಷಧಿಯಾದೀತೆಂದೂ ಊಹಿಸಿದ. ಲ್ಯಾಟಿನ್ನಿನಲ್ಲಿ ಸಾಸೇಜಿಗೆ ಬೊಟುಲಸ್ ಎನ್ನುತ್ತಾರೆ. ಬೊಟಾಕ್ಸ್ ಹೆಸರಿನ ಮೂಲ ಅದೇ. ಅಮೆರಿಕದ ಎಫ್‌ಡಿಎ ಇದನ್ನು 1989ರಲ್ಲಿ ಕಣ್ಣಿನ ತೊಂದರೆಗಳಿಗೆ, 2002ರಲ್ಲಿ ಹುಬ್ಬುಗಳ ನಡುವಿನ ಗೆರೆಗಳಿಗೆ ಒಪ್ಪಿತು.

ನಾವು ವೈದ್ಯರಲ್ಲ, ಕಂಪ್ಯೂಟರಿನವರು. ಆದರೂ ಔಷಧಿಯ ಜೊತೆ ಬರುವ ಚೀಟಿಯನ್ನು ಕೊನೆಯವರೆಗೆ ಓದುವ ಚಾಳಿ ನಮಗಿದೆ. ಓದಿದಾಗ ತಿಳಿಯುವ ಮೊದಲ ಸಂಗತಿ ಇದು: ಸೀಸೆಯೊಳಗೆ ಇರುವುದು ಹೆಸರಿನ ಮದ್ದೊಂದೇ ಅಲ್ಲ.

ಬೊಟಾಕ್ಸ್ ಸೀಸೆಯಲ್ಲಿ ವಿಷದ ಅಂಶ ಅತ್ಯಲ್ಪ; ಅದರ ಜೊತೆಗೆ ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್ ಮತ್ತು ಉಪ್ಪು ಇರುತ್ತವೆ. ಅದೇ ಜಾತಿಯ ಡಿಸ್ಪೋರ್ಟ್‌ನಲ್ಲಿ ಲ್ಯಾಕ್ಟೋಸ್ ಇದೆ, ಹಸುವಿನ ಹಾಲಿನ ಪ್ರೋಟೀನಿನ ಲವಲೇಶವೂ ಇರಬಹುದು. ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಅದನ್ನು ಕೊಡಕೂಡದೆಂದು ಚೀಟಿಯಲ್ಲೇ ಬರೆದಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ. ಅದು ಅಲರ್ಜಿಯಲ್ಲ, ಲ್ಯಾಕ್ಟೋಸ್ ಅರಗದಿರುವುದು. ನಮ್ಮವರು ಇವೆರಡನ್ನೂ "ಹಾಲು ಆಗಿಬರುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವೈದ್ಯರ ಮುಂದೆ ಬಿಡಿಸಿ ಹೇಳಬೇಕು.

ಇನ್ನೊಂದು ಬಗೆ ಫಿಲ್ಲರ್. ಗುಳಿಬಿದ್ದ ಜಾಗವನ್ನು ತುಂಬುವಂಥದ್ದು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೈಡರ್ಮ್ ಹಸುವಿನ ಚರ್ಮದ ಕೊಲಾಜೆನ್ನಿನಿಂದ ಮಾಡಿದ್ದು. ನೂರರಲ್ಲಿ ಮೂವರಷ್ಟು ಜನಕ್ಕೆ ಅದು ಒಗ್ಗುತ್ತಿರಲಿಲ್ಲ. ಹಾಗಾಗಿ ಮೊದಲು ಮುಂಗೈಗೆ ಚುಚ್ಚಿ ನಾಲ್ಕು ವಾರ ಕಾಯುತ್ತಿದ್ದರು. ಆ ಮದ್ದು ಈಗ ಇಲ್ಲಿನ ಮಾರುಕಟ್ಟೆಯಲ್ಲಿಲ್ಲ. ಆದರೆ ಬೆಲ್ಲಾಫಿಲ್ ಎಂಬುದರಲ್ಲಿ ಹಸುವಿನ ಕೊಲಾಜೆನ್ ಇದೆ. ಸಸ್ಯಾಹಾರಿಗಳೂ ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲ. ಇದು ನಮ್ಮ ಚರ್ಮದಲ್ಲೇ ಇರುವ ವಸ್ತು. ಹಾಗಾದರೆ ಅಲರ್ಜಿ ಏಕೆ? ರೆಸ್ಟಿಲೇನ್‌ನಂಥವನ್ನು ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ಅದರ ಪ್ರೋಟೀನಿನ ಅಂಶ ಉಳಿದಿರಬಹುದು. ಬೇಗ ಕರಗದಿರಲೆಂದು ರಾಸಾಯನಿಕದಿಂದ ಎಳೆಗಳನ್ನು ಹೆಣೆದಿರುತ್ತಾರೆ. ನೋವು ತಿಳಿಯದಿರಲೆಂದು ಹಲವದರಲ್ಲಿ ಲಿಡೋಕೇನ್ ಬೆರೆಸಿರುತ್ತಾರೆ. ಬೇಡವಾದಾಗ ಫಿಲ್ಲರನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವವೂ ಕೆಲವರಿಗೆ ಒಗ್ಗದು. ಜೇನಿನ ವಿಷದಲ್ಲಿಯೂ ಇದೇ ಬಗೆಯ ಕಿಣ್ವವಿದೆ, ಆದ್ದರಿಂದ ಜೇನು ಕಚ್ಚಿ ಅಲರ್ಜಿಯಾದವರು ಮೊದಲೇ ತಿಳಿಸಬೇಕು.

ಅಲರ್ಜಿ ಎರಡು ಥರ ಬರುತ್ತದೆ. ಒಂದು, ಕೂಡಲೇ: ಮೈಮೇಲೆ ದದ್ದು, ತುಟಿ ನಾಲಗೆ ಊತ, ಗಂಟಲು ಕಟ್ಟುವುದು, ಉಸಿರು ಸಿಗದಿರುವುದು. ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಎಪಿನೆಫ್ರಿನ್ ಬೇಕು, ತಡಮಾಡದೆ 911ಕ್ಕೆ ಕರೆ ಮಾಡಬೇಕು. ಇನ್ನೊಂದು, ವಾರಗಳು ಅಥವಾ ತಿಂಗಳುಗಳ ನಂತರ: ಚುಚ್ಚಿದಲ್ಲಿ ಕೆಂಪು, ಊತ, ಗಂಟು. ಜ್ವರವೋ ಲಸಿಕೆಯೋ ರೋಗನಿರೋಧಕ ಶಕ್ತಿಯನ್ನು ಕೆಣಕಿದಾಗಲೂ ಹೀಗಾಗಬಹುದು. 2020ರಲ್ಲಿ ಮಾಡೆರ್ನಾದ ಕೋವಿಡ್ ಲಸಿಕೆಯ ಪರೀಕ್ಷೆಯಲ್ಲಿ, ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಒಂದಿಬ್ಬರಿಗೆ ಮುಖ ಊದಿಕೊಂಡದ್ದು ದಾಖಲಾಗಿದೆ.

ಎಲ್ಲ ತೊಂದರೆಯೂ ಅಲರ್ಜಿಯಲ್ಲ. ಬೊಟಾಕ್ಸ್ ನಂತರ ರೆಪ್ಪೆ ಜೋತುಬಿದ್ದರೆ ಅದು ಮದ್ದು ಪಕ್ಕದ ಸ್ನಾಯುವಿಗೆ ಹರಡಿದ್ದು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ತುರ್ತು. ಎಫ್‌ಡಿಎ 2009ರಲ್ಲಿ ಈ ಎಚ್ಚರಿಕೆಯನ್ನು ಚೀಟಿಯಲ್ಲಿ ಹಾಕಿಸಿತು. ಫಿಲ್ಲರ್ ಹಾಕಿಸಿದ ಮೇಲೆ ಚರ್ಮ ಬಿಳುಚಿ ವಿಪರೀತ ನೋವಾದರೆ, ಕಣ್ಣು ಮಂಜಾದರೆ, ರಕ್ತನಾಳ ಕಟ್ಟಿಕೊಂಡಿರಬಹುದು. ಅಲರ್ಜಿಯೆಂದು ಮಾತ್ರೆ ನುಂಗಿ ಬೆಳಗಾಗಲೆಂದು ಕಾದರೆ ಚರ್ಮವೂ ದೃಷ್ಟಿಯೂ ಹೋದಾವು.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮವರಲ್ಲಿ ಈ ಸೂಜಿ ಒಂದು ಗುಟ್ಟು. ಗೆಳತಿಗೆ ಹೇಳುವುದಿಲ್ಲ, ಗಂಡನಿಗೆ ಹೇಳುವುದಿಲ್ಲ. ಗಂಡಸರಂತೂ ಯಾರಿಗೂ ಹೇಳುವುದಿಲ್ಲ. ಆರು ತಿಂಗಳ ನಂತರ ಮುಖ ಊದಿಕೊಂಡು ಆಸ್ಪತ್ರೆಗೆ ಹೋದಾಗ ವೈದ್ಯರ ಎದುರೂ ಬಾಯಿ ಬಿಡದಿದ್ದರೆ, ಅವರು ಊತದ ಕಾರಣವನ್ನು ಎಲ್ಲೆಲ್ಲೋ ಹುಡುಕಬೇಕಾಗುತ್ತದೆ. ಹಾಕಿಸಿಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಅದರಲ್ಲಿ ನಾಚಿಕೆಯೂ ಬೇಡ. ಮದ್ದಿನ ಹೆಸರು, ಚುಚ್ಚಿದ ಜಾಗ, ತಾರೀಖು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ ಅದು ಗೊತ್ತಿರಲಿ.